ಪಿಗ್ಮಿಯವಳು

ರೂವಿಯ ಹೊಲಿಗೆಯಂಗಡಿಯ ಹಿಂದಿನ ಕೋಣೆಯಲ್ಲಿ
ಗುಂಡಿ ಹಚ್ಚುತ್ತೇನೆ. ಎಸಿಯ ಕೆಳಗೆ ಒಂದು ಬಕೆಟ್,
ಅದರೊಳಗೆ ಮಸ್ಕತ್ತು ಹನಿಹನಿಯಾಗಿ ತುಂಬುತ್ತದೆ.

ಊರಲ್ಲಿ ನಾನು ಪಿಗ್ಮಿಯವಳು.
ಸಂಜೆ ಐದಕ್ಕೆ ಗುಲಾಬಿಯ ಬುಟ್ಟಿಯೆದುರು ನಿಂತರೆ
ಒದ್ದೆ ಹತ್ತು ರೂಪಾಯಿ, ಬಂಗುಡೆ ವಾಸನೆ,
ಕೈಮೆಷಿನ್ನಿನಿಂದ ಕಿರ್ರೆಂದು ಚೀಟಿ.

ಆ ಸೋಮವಾರ ಶಟರಿಗೆ ಕಾಗದ ಅಂಟಿಸಿದ್ದರು:
ರಿಸರ್ವ್ ಬ್ಯಾಂಕಿನ ನಿರ್ದೇಶನ, ಕಲಂ ಮೂವತ್ತೈದು ಎ,
ಆರು ತಿಂಗಳು, ತಲೆಗೆ ಸಾವಿರ.
ಓದಲು ಬಾರದವರಿಗೆ ನಾನೇ ಓದಿ ಹೇಳಿದೆ.
"ಬ್ಯಾಂಕು ಯಾರು ಮಾರಾಯ್ತಿ?" ಎಂದಳು ಗುಲಾಬಿ,
"ನಾನು ಕೊಟ್ಟದ್ದು ನಿನ್ನ ಕೈಗೆ."

ಅಧ್ಯಕ್ಷರ ಭಾವನಿಗೆ ಹೋದ ಕೋಟಿ
ನನ್ನ ಚೀಟಿಯಲ್ಲಿ ಇರಲಿಲ್ಲ.
ಆದರೂ.

ವಿಮೆ ಬಂತು, ಹಲವರಿಗೆ. ಅವಳ ಅರ್ಜಿ ಮಾತ್ರ ವಾಪಸ್ಸು:
ಆಧಾರಿನಲ್ಲಿ ಗುಲಾಬಿ ಮೆಂಡನ್,
ಬ್ಯಾಂಕಿನ ಪುಸ್ತಕದಲ್ಲಿ 'ಮೀನು ಗುಲಾಬಿ'.
ಹಾಗೆ ಬರೆದವಳು ನಾನು, ನಗುತ್ತಾ.

ತಿಂಗಳ ಮೊದಲ ಶುಕ್ರವಾರ ಎಕ್ಸ್‌ಚೇಂಜಿನಲ್ಲಿ ಟೋಕನ್.
ಐದು ರಿಯಾಲ್, ಅಂಚೆಯ ಅವಳ ಹೊಸ ಖಾತೆಗೆ.
"ಹಣ ಪಡೆಯುವವರು ನಿಮಗೆ ಏನಾಗಬೇಕು?"
ಕೌಂಟರಿನ ಮಲಯಾಳಿ ಹುಡುಗ ಪ್ರತಿ ಸಲ ಕೇಳುತ್ತಾನೆ.
ನಾನು ತಡವರಿಸುತ್ತೇನೆ. ಸಾಲು ಉದ್ದವಿದೆ;
ಅವನೇ 'ಚಿಕ್ಕಮ್ಮ' ಎಂದು ಒತ್ತುತ್ತಾನೆ.

ಕಿರ್ರೆಂದು ಚೀಟಿ ಬರುತ್ತದೆ,
ಈ ಸಲ ನನ್ನ ಕಡೆಗೆ.