ಹನ್ನೊಂದು ಕಡೆ

ಯಾದಗಿರಿ ಸ್ಟೇಷನ್ ರೋಡಿನಾಗ, ಸೈಕಲ್ ಅಂಗಡಿ ಮ್ಯಾಲ,
ಎಂಟು ಬೈ ಹತ್ತರ ಖೋಲಿ ನಂದು.
ಗಾಡಿ ಬಂದ್ರ ಹಲಗಿ ನಡುಗತಾವ,
ಟೇಪ್ ಓಡುವಾಗ ನಡುಗಬಾರದು.
ಅದಕ್ಕ ಟೈಮ್‌ಟೇಬಲ್ ಗೋಡಿಗಿ ಹಚ್ಚೀನಿ.
ಎರಡು ಗಾಡಿ ನಡುವ ಎಷ್ಟು ಹೊತ್ತು ಸಿಗತದೋ
ಅಷ್ಟೇ ನನ್ನ ಕೆಲಸ.
ಗೂಡ್ಸ್ ಗಾಡಿಗಿ ಮಾತ್ರ ಟೈಮಿಲ್ಲ.

ಬೂಷ್ಟು ಹತ್ತಿದ ಕ್ಯಾಸೆಟ್ ಬರತಾವ,
ಇಲಿ ಕಡದವು, ಟ್ರಂಕಿನ ಡಾಂಬರ್ ಗುಳಿಗಿ ವಾಸನಿಯವು,
ಒಂದರಾಗ ಅಂತೂ ಜೀರಿಗಿ ಇತ್ತು, ಹೆಂಗ ಹೋತೋ.
ಐದು ಸ್ಕ್ರೂ ಬಿಚ್ಚತೀನಿ.
ಮೂಗಿಗಿ ಅರಿಬಿ ಕಟ್ಟಿ, ಸ್ಪಿರಿಟಿನಾಗ ಅದ್ದಿದ ಬಟ್ಟಿ ಹಿಡದು
ಇನ್ನೂರೈವತ್ತು ಮೀಟರ್ ಕೈಲೇ ಸುತ್ತತೀನಿ.

ಟೇಪಂದ್ರ ಏನು? ಪ್ಲಾಸ್ಟಿಕ್ ಮ್ಯಾಲ ಬಳದ ತುಕ್ಕು.
ಉಸ್ತಾದ್ ಚಾಂದಪಾಷಾ ಅಂತಿದ್ರು,
"ತುಕ್ಕು ಹಿಡೀಲಿಲ್ಲಂದ್ರ ಕಬ್ಬಿಣಕ್ಕ ನೆನಪಿರಲ್ಲ ಬೇಟಾ."
ಚಹಾ ಕುಡದ ಕೈಲೆ ಹೆಡ್ ಮುಟ್ಟಿದ್ರ ಮಾತ್ರ
ಕಪಾಳಕ್ಕ ಬೀಳತಿತ್ತು.

ಶ್ರಾವಣದಾಗ ಭಾಗಮ್ಮ ಬಂದಳು, ಗುರುಮಠಕಲ್ ಕಡಿಯಾಕಿ.
ಸೆರಗಿನಾಗ ಸುತ್ತಿದ ಒಂದೇ ಕ್ಯಾಸೆಟ್.
ಲೇಬಲ್ಲಿನ ಶಾಹಿ ಅಳಸಿ
"...ಗೌಡರ ಮದುವಿ, ೧೯೯೧" ಅಷ್ಟೇ ಉಳದಿತ್ತು.

ನಾಲ್ಕು ದಿನ ಕುಂತೆ.
ಮದುಮಗಳ ಸೀರಿ ಕೆಂಪು ಹರದು ಗಲ್ಲಕ್ಕ ಇಳೀತಿತ್ತು,
ಹಿಡದು ನಿಲ್ಲಿಸಿದೆ.
ಬೀಳುವ ಅಕ್ಕಿಕಾಳು ಯಾವುದು, ಟೇಪಿನ ಗಾಯ ಯಾವುದು,
ಒಂದೊಂದೇ ಫ್ರೇಮ್ ನೋಡಿ ಬ್ಯಾರಿ ಮಾಡಿದೆ.
ಬಾಜಾದವರ ಕ್ಲಾರಿನೆಟ್ ಸೋಸಿ ತೆಗದೆ.
ಮೈಕಿನ ಬಗಲಿಗೇ ಯಾರೋ ಕೆಮ್ಮತಿದ್ದರು, ಹನ್ನೊಂದು ಕಡೆ,
ಒಣ ಕೆಮ್ಮು, ತಾಳಿ ಕಟ್ಟುವಾಗ ಸುದ್ದಾ.
ಒರಸಿಬಿಟ್ಟೆ, ಇದ್ದ ಗುರುತೂ ಉಳಿಯದಂಗ.
ಖರೇ ಹೇಳತೀನಿ, ಜಂಬ ಬಂದಿತ್ತು.

ಭಾಗಮ್ಮ ಸ್ಟೂಲಿನ ಮ್ಯಾಲ ಕುಂತಳು.
ಮಂದಿ ಮುಖ ನೋಡಲೇ ಇಲ್ಲ. ಕಿವಿ ಸ್ಪೀಕರಿಗಿ ಕೊಟ್ಟು
ಪೂರಾ ಒಂದು ತಾಸು.
"ಯಾರ ಮದುವಿ ಯವ್ವಾ ಇದು?"
"ಯಾರದೋ ಏನೋ ಯಪ್ಪಾ. ಗೌಡ್ರು ಬ್ಯಾಡಂತ ಒಗಿಲತ್ತಿದ್ರು, ಬೇಡಿ ತಂದೆ.
ನಮ್ಮಣ್ಣ ಮೌನೇಶ ಶೂಟಿಂಗ್ ಮಾಡಿದ್ದ."

ಹಗಲು ಹತ್ತಿ ಜಿನ್ನಿನಾಗ ದುಡಿತ,
ಲಗ್ನದ ದಿನ ಬಾಡಿಗಿ ಕ್ಯಾಮೆರಾ ಹೆಗಲಿಗಿ.
ಅಂವಂದು ಒಂದು ಫೋಟೋ ಇಲ್ಲ ಮನ್ಯಾಗ.
ತೆಗಿಯಾಂವಂದು ಯಾರು ತೆಗೀತಾರ?
"ಎದ್ಯಾಗ ಹತ್ತಿ ಕುಂತಿತ್ತು. ಕೆಮ್ಮತಿದ್ದ.
ಕೆಮ್ಮಾದ್ರೂ ಇರತದೇನೋ ಅಂತ ಬಂದಿದ್ದೆ."

ನಾ ಏನೂ ಅನಲಿಲ್ಲ.
ತೊಳಿಯೂದಕ್ಕಿಂತ ಮೊದಲಿನ ಕಚ್ಚಾ ಪ್ರತಿ ಇಟ್ಟಿದ್ದೆ, ಪುಣ್ಯ.
ಫ್ಯಾನ್ ಆರಿಸಿದೆ.
ಬಾಜಾ, ಗದ್ದಲ, ಗುಂಯ್‌ಗುಡುವ ಟೇಪು, ಅದರ ನಡುವ
ಆಕಿ ಬೆರಳು ಎತ್ತಿದಳು. ಒಂದು.
ಐದನೇದಕ್ಕ ಗೂಡ್ಸ್ ಗಾಡಿ ಬಂತು.
ಹಲಗಿ ನಿಲ್ಲೂತನ ಇಬ್ಬರೂ ಕಾದೆವು.
ಮತ್ತ ಹಿಂದಕ್ಕ ಒಯ್ದೆ.

ಹತ್ತು ಬೆರಳು ಮುಗದು ಮೊದಲಿನ ಬೆರಳಿಗಿ ಬಂದಳು,
ಅಲ್ಲಿಗಿ ಹನ್ನೊಂದು. ಬಂದ್ ಮಾಡಲಾಕ ಕೈ ಚಾಚೀನಿ,
ಆಕಿ ಇನ್ನೊಂದು ಬೆರಳು ಎತ್ತಿದಳು.
ಇಲ್ಲ ಯವ್ವಾ, ಅದು ಅಂಗಿಗಿ ಮೈಕ್ ತಿಕ್ಕಿದ ಸದ್ದು, ಅಂದೆ.
"ತಡಿ," ಅಂದಳು,
"ನಗಲತ್ತಾನ."