ಮದ್ದುಪಾಯಸದ ಮರುದಿನ

ನಾಪೋಕ್ಲು ಶಾಲೆ, ಏಳನೇ ತರಗತಿ, ಜೀರ್ಣಾಂಗದ ಪಾಠ.
ಸಣ್ಣ ಕರುಳು ಸುತ್ತಿ ಸುತ್ತಿ
ಹಲಗೆಯಲ್ಲಿ ಜಾಗ ಸಾಲದೆ ಚೌಕಟ್ಟಿಗೆ ಹತ್ತಿತು.
"ಇಪ್ಪತ್ತಡಿ" ಎಂದೆ. ಯಾರೂ ನಂಬಲಿಲ್ಲ.

ನಿನ್ನೆ ಕಕ್ಕಡ ಹದಿನೆಂಟು.
ಬೋಜವ್ವ ಟೀಚರ ಮನೆಯಲ್ಲಿ
ಮದ್ದುಸೊಪ್ಪಿನ ನೇರಳೆ ಪಾಯಸ, ಮೇಲೆ ಜೇನು.
ಎರಡು ಬಟ್ಟಲು ಮುಗಿಸಿದೆ.
ಬಯಲುಸೀಮೆಯವ ನಾನು;
ಮುಂದಿನದನ್ನು ಯಾರೂ ಹೇಳಲಿಲ್ಲ.

ಬೆಳಿಗ್ಗೆ ಬಚ್ಚಲಲ್ಲಿ ಕೆಂಪು ಕಂಡು
ಎದೆ ಧಸಕ್ಕೆಂದಿತು.
ಆಸ್ಪತ್ರೆಗೆ ಓಡಿದರೆ ನರ್ಸ್ ಚೋಂದಮ್ಮ
ಚೀಟಿಯನ್ನೂ ಬರೆಯದೆ ನಕ್ಕಳು:
"ಮದ್ದು ಮೈಗೆ ಹಿಡಿದಿದೆ ಸಾರ್, ಅಷ್ಟೇ."

ಈಗ ಸೀಮೆಸುಣ್ಣ ಹಿಡಿದು ಹೇಳುತ್ತಿದ್ದೇನೆ,
ಕರುಳಿನ ಗೋಡೆ ದಾಟಿ
ರಕ್ತದಲ್ಲಿ ತೇಲಿ
ಮೂತ್ರಪಿಂಡದಲ್ಲಿ ಸೋಸಿ...

ಕೊನೆ ಬೆಂಚಿನ ಪೆಮ್ಮಯ್ಯ ಕೈಯೆತ್ತಿದ:
"ಸಾರ್, ನಿಮಗೂ ಕೆಂಪಾಯಿತಾ?"

"ಆಯಿತು" ಎಂದೆ.
ತರಗತಿ ಹೋ ಎಂದು ನಕ್ಕು
ಆ ಇಪ್ಪತ್ತಡಿಯನ್ನೂ ನಂಬಿತು.