ಒಳಗೆ ಬಿಟ್ಟ ಬಟ್ಟೆ

ಪೆನ್ಷನ್ ಮೊಹಲ್ಲಾದ ನನ್ನ ಅಂಗಡಿಯಲ್ಲಿ
ಹನ್ನೊಂದು ಅಳತೆ ಪುಸ್ತಕಗಳಿವೆ.
ಏಳನೆಯದರ ನಡುವೆ, ಮಿಷನ್ ಎಣ್ಣೆ ಬಿದ್ದ ಪುಟದಲ್ಲಿ,
ಧರಣಿ, ಎಲ್ಲೈಸಿ ಆಫೀಸು.
ಎದೆ ಮೂವತ್ತೆಂಟು, ಸೊಂಟ ಮೂವತ್ನಾಲ್ಕು,
ತೋಳು ಹನ್ನೆರಡೂವರೆ.
ಪಕ್ಕದಲ್ಲಿ ನನ್ನದೇ ಅಕ್ಷರ:
ನಗುತ್ತಾಳೆ, ಟೇಪು ಜಾರುತ್ತೆ.

ಯುಗಾದಿಗೆ ಬಂದು ಎರಡಿಂಚು ಹಿಡೀರಿ ಅಂದಳು.
ಆಷಾಢಕ್ಕೆ ಮತ್ತೆ ಎರಡು.
ಗೌರಿ ಹಬ್ಬದ ಹೊತ್ತಿಗೆ ಹಳೆಯ ಆರು ರವಿಕೆ ತಂದು
ಮೇಜಿನ ಮೇಲೆ ಗುಡ್ಡೆ ಹಾಕಿದಳು.
"ಜಬೀನಕ್ಕಾ, ಒಳಗೆ ಬಿಟ್ಟಿರೋ ಬಟ್ಟೆ ಎಲ್ಲಾ ಕತ್ತರಿಸಿಬಿಡಿ.
ನಾನಿನ್ನು ಹಿಂದಕ್ಕೆ ಹೋಗಲ್ಲ."

ಏನು ತಿಂತೀಯೇ ಅಂದೆ.
ಡಬ್ಬಿಯ ಪುಡಿ, ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು,
ನಡುವೆ ಅರ್ಧ ಸೌತೆಕಾಯಿ.
ದಿನಕ್ಕೆ ಐನೂರು, ಅಂದಳು,
ಚೀಟಿ ಕಟ್ಟಿ ದುಡ್ಡು ಉಳಿಸಿದವಳ ಹಾಗೆ.

ಕತ್ತರಿಸಿದೆ. ಗಿರಾಕಿ ಹೇಳಿದ್ದು ತಾನೆ.
ನೆಲದ ತುಂಬ ಬಣ್ಣದ ಪಟ್ಟಿಗಳು,
ಒಂದೊಂದೂ ಒಂದೂವರೆ ಇಂಚು.
ಬೀದಿ ಹುಡುಗರು ಗಾಳಿಪಟದ ಬಾಲಕ್ಕೆ ಒಯ್ದರು.

ಮಹಾರಾಜ ಪಾರ್ಕಿನಲ್ಲಿ ವಾಕಿಂಗಿನ ಹೆಂಗಸರು
ನಿಲ್ಲಿಸಿ ಕೇಳಿದರಂತೆ, ಯಾವ ಡಬ್ಬಿ, ಯಾವ ಡಬ್ಬಿ.
ಚೆನ್ನಾಗಿ ಕಾಣ್ತೀಯ ಅಂತ ನಾನೂ ಅಂದೆ.
ಅದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ.
ಆದರೂ ಅಳಿಸಿ ಹೋಗಿಲ್ಲ.

ಹಸಿವು ನನಗೂ ಗೊತ್ತು.
ವರ್ಷಕ್ಕೊಂದು ತಿಂಗಳು ಅದರ ಪಕ್ಕ ಕೂತೇ ಪೆಡಲು ತುಳಿಯುತ್ತೇನೆ.
ಆದರೆ ಸಂಜೆ ಮಸೀದಿಯಿಂದ ಕರೆ ಬರುತ್ತೆ,
ಖರ್ಜೂರ ಬಾಯಿಗೆ, ಹಿಂದೆಯೇ ಗಂಜಿ,
ಹಿಂದೆಯೇ ಮನೆಮಂದಿಯ ಗಲಾಟೆ.
ಅವಳ ಹಸಿವಿಗೆ ಯಾರೂ ಸಂಜೆ ಮಾಡಲಿಲ್ಲ.

ಅಳತೆ ಪುಸ್ತಕದಲ್ಲಿ ಜಾಗವಿಲ್ಲದವು:
ಟೇಪಿಗೆ ಸುತ್ತಿ ಬಂದ ಕೂದಲು, ಒಂದೆರಡು ಎಳೆಯಲ್ಲ, ಹಿಡಿ.
ಏಪ್ರಿಲ್ ಬಿಸಿಲಲ್ಲಿ ಸ್ವೆಟರು.
"ತಿಂಗಳಿನದು ನಿಂತು ಏಳಾಯ್ತಕ್ಕ, ಒಂದು ರಗಳೆ ಕಡಿಮೆ"
ಎಂದು ನಕ್ಕಳು.
ಟೇಪು ಜಾರಲಿಲ್ಲ.

ಆಮೇಲೆ ಒಂದು ರಾತ್ರಿ ಬಲಪಕ್ಕೆಯ ಕೆಳಗೆ ಹಿಂಡಿ,
ಆಟೋದಲ್ಲಿ ಮಡಚಿಕೊಂಡು ದೊಡ್ಡಾಸ್ಪತ್ರೆಗೆ.
ಪಿತ್ತಕೋಶದಲ್ಲಿ ಹುಣಸೆಬೀಜದಷ್ಟು ಕಲ್ಲು.
ಮೈ ಅವಸರಕ್ಕೆ ಕರಗಿದರೆ ಹೀಗೂ ಆಗುತ್ತೆ ಅಂದರಂತೆ.
ಡಬ್ಬಿ ಬಿಟ್ಟಳು. ಮುದ್ದೆ, ಅವರೆಕಾಳಿನ ಸಾರು ಹಿಡಿದಳು.
ಬರ ಕಂಡಿದ್ದ ಮೈ ಯಾರನ್ನೂ ನಂಬಲಿಲ್ಲ,
ಬಂದ ಕಾಳನ್ನೆಲ್ಲ ಹಗೇವಿಗೆ ಸುರಿದು
ಬಾಯಿಗೆ ಮಣ್ಣು ಮೆತ್ತಿಕೊಂಡಿತು.

ಎದೆ ನಲವತ್ತು, ಸೊಂಟ ಮೂವತ್ತೇಳು.
ಅದೇ ಆರು ರವಿಕೆ ಮತ್ತೆ ತಂದಳು, ಬಿಚ್ಚಿಕೊಡಿ ಅಂತ.
ಬಿಚ್ಚೋಕೆ ಒಳಗೆ ಏನಿದೆ?
ಇಬ್ಬರೂ ಹೊಲಿಗೆ ನೋಡುತ್ತ ಸುಮ್ಮನೆ ಕೂತೆವು.
ಆ ಆರೂ ಈಗ ನನ್ನ ಮಿಷನ್ ಒರೆಸುವ ಬಟ್ಟೆ.

ಎಂಟು ವರ್ಷ ಆಯ್ತು.
ಹೋದ ತಿಂಗಳು ಕುಕ್ಕರು ಎತ್ತುವಾಗ
ಮಣಿಕಟ್ಟು ಮುರಿಯಿತಂತೆ, ಬರೀ ಕುಕ್ಕರಿಗೆ.
ಮೂಳೆ ಅರವತ್ತರವರದು ಅಂದರಂತೆ ಡಾಕ್ಟರು,
ಅವಳಿಗೆ ಮೂವತ್ತೊಂಬತ್ತು.
ಒಗೆದು ಒಗೆದು ಎಳೆ ಬಿಟ್ಟ ಮಲ್ಲು ಬಟ್ಟೆ
ನೆನಪಾಯ್ತು ನನಗೆ,
ಮೇಲಿನಿಂದ ನೋಡಿದರೆ ಚೆನ್ನಾಗೇ ಇರುತ್ತೆ.

ಇವತ್ತು ಬಂದಿದ್ದಾಳೆ, ಕೈಗೆ ಪಟ್ಟಿ.
ತನಗಲ್ಲ, ಮಗಳಿಗೆ.
ಇಂಚರ, ಒಂಬತ್ತನೇ ಕ್ಲಾಸು, ಯೂನಿಫಾರ್ಮು.
ಟೇಪು ಸುತ್ತಿದೆ ನೋಡಿ,
ಹುಡುಗಿ ಹೊಟ್ಟೆ ಒಳಗೆಳೆದು, ಉಸಿರು ಕಟ್ಟಿ,
ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತಳು.

ಉಸಿರು ಬಿಡು ಮಗಾ, ಅಂದೆ.
ಬಿಡಲಿಲ್ಲ.
ಧರಣಿ ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡಳು.
ನಾನು ಟೇಪು ಹಿಡಿದೇ ಕಾದೆ.
ಹೊರಗೆ ಯಾರೋ ಸ್ಕೂಟರು ಒದ್ದರು, ಹತ್ತಲಿಲ್ಲ, ಮತ್ತೆ ಒದ್ದರು.
ಕಾದೆ.

ಬಿಟ್ಟಳು.
ಆಮೇಲೆ ಅಳತೆ ಬರೆದುಕೊಂಡೆ.
ಒಳಗೆ ಮೂರಿಂಚು ಬಿಡುತ್ತೇನೆ,
ಅವರಿಗೆ ಹೇಳಿಲ್ಲ.